ತಿಕ್ಕದೆ ಬಿಟ್ಟ ಬಟ್ಟಿ

ಶಿಕಾರಿಪುರದ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವವರಿಗೆ ಬಟ್ಟಿ ಸರಿಯುವುದು ತಪ್ಪಿದ್ದಲ್ಲ. ಮೆಕ್ಕೆಜೋಳದ ತುಂಬಿದ ಚೀಲವನ್ನು ಒಮ್ಮೆಲೇ ಬೆನ್ನಿಗೆ ಎಳೆದುಕೊಂಡರೆ, ಹೊಕ್ಕುಳ ಬುಡದಲ್ಲಿ ಮಿಡಿಯುವ ನರ ತನ್ನ ಜಾಗ ಬಿಟ್ಟು ಮೇಲಕ್ಕೋ ಪಕ್ಕಕ್ಕೋ ಹೋಗುತ್ತದೆ ಎಂದು ನಾವೆಲ್ಲ ನಂಬಿಕೊಂಡು ಬಂದವರು. ಆಗ ಹೊಟ್ಟೆ ಹಿಡಿದುಕೊಳ್ಳುತ್ತದೆ, ಸೊಂಟ ಸೆಳೆಯುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಮಲಗಿಸಿ, ಹರಳೆಣ್ಣೆ ಹಚ್ಚಿ, ಮಿಡಿತ ಎಲ್ಲಿದೆಯೆಂದು ಬೆರಳಲ್ಲಿ ಹುಡುಕಿ, ತಿಕ್ಕಿ ತಿಕ್ಕಿ ಹೊಕ್ಕುಳಿಗೆ ತಂದು ಕೂರಿಸಬೇಕು. ನನಗೆ ಇದನ್ನು ಕಲಿಸಿದವರು ಹಮಾಲರಲ್ಲಿ ಹಿರಿಯರಾಗಿದ್ದ ಪಂಚಾಕ್ಷರಪ್ಪನವರು. ಮೂರನೇ ಕ್ಲಾಸು ದಾಟದ ನನಗೆ ಗೊತ್ತಿದ್ದ ವಿದ್ಯೆ ಇದೊಂದೇ. ಅವರು ಹೇಳಿಕೊಟ್ಟ ಕಟ್ಟಳೆಯೂ ಒಂದೇ. ಹಸಿದ ಹೊಟ್ಟೆಯಲ್ಲೇ ತಿಕ್ಕಬೇಕು, ಉಂಡವನ ಹೊಟ್ಟೆ ಮುಟ್ಟಬಾರದು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಗುರುವಾರ ಬೆಳಿಗ್ಗೆ ಹುಲಿಗೆಮ್ಮ ತನ್ನ ಅಳಿಯನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಹಿಂದೆ ಅವಳ ಮಗಳು ಧನಲಕ್ಷ್ಮಿ. ಹುಲಿಗೆಮ್ಮ ಮಾರ್ಕೆಟ್ಟಿನ ಗೇಟಿನ ಬಳಿ ಚಹಾದಂಗಡಿ ಇಟ್ಟವಳು. ನನ್ನ ಜೊತೆಗೆ ಚೀಲ ಹೊತ್ತ ಕಲ್ಲಪ್ಪನ ಹೆಂಡತಿ. ಕಲ್ಲಪ್ಪ ಸತ್ತು ಮೂವತ್ತೈದು ವರ್ಷವಾಯಿತು. ಧನಲಕ್ಷ್ಮಿ ಆಗ ಹೊಟ್ಟೆಯಲ್ಲಿದ್ದಳು.

ಅಳಿಯ ತೀರ್ಥೇಶ್ ಸೊರಬದ ಕಡೆಯ ಜಡೆ ಎಂಬ ಊರಿನವನು. ಸೊರಬದಿಂದ ಶಿಕಾರಿಪುರಕ್ಕೆ ಬರುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ಬಾಗಿಲಲ್ಲಿ ನೇತಾಡಿಕೊಂಡು, ಎಲ್ಲರನ್ನೂ ನಗಿಸಿಕೊಂಡು ಹೋಗುವ ಆಳು. ಅವತ್ತು ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು, ಮುದುಕನ ಹಾಗೆ ಕಟ್ಟೆ ಹತ್ತಿದ. ಅಂಗಿಯ ಕಾಲರಿನೊಳಗೆ ಕತ್ತು ಕಡ್ಡಿಯಾಗಿತ್ತು.

‘ನಾಗಣ್ಣ, ನೋಡು ಇವನ್ನ’ ಎಂದಳು ಹುಲಿಗೆಮ್ಮ. ‘ಎರಡು ತಿಂಗಳಾತು ಬೆನ್ನು ನೋವು, ಹೊಟ್ಟಿ ನೋವು ಅಂತಾನ. ಬಸ್ಸಿನ ಟಾಪಿಗೆ ಚೀಲ ಎತ್ತಿ ಎತ್ತಿ ಬಟ್ಟಿ ಸರಿದೈತಿ. ಕ್ಲಿನಿಕ್ನಾಗ ಗ್ಯಾಸಿನ ಗುಳಿಗಿ ಕೊಟ್ಟು ಕಳಿಸ್ಯಾರ.’

‘ಗ್ಯಾಸಿನ ಗುಳಿಗೆ ತಿಂದು ತಿಂದು ನಾನೇ ಸಿಲಿಂಡರ್ ಆಗಿದೀನಿ ದೊಡ್ಡಪ್ಪ’ ಎಂದ ತೀರ್ಥೇಶ್.

‘ಸುಮ್ನಿರ್ರಿ, ಎಲ್ಲಾದ್ರಾಗೂ ತಮಾಷಿ’ ಎಂದು ಧನಲಕ್ಷ್ಮಿ ಗದರಿದಳು.

ಹುಲಿಗೆಮ್ಮ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. ‘ನಿನ್ನೆ ಮಧ್ಯಾಹ್ನದಿಂದ ಒಂದಗುಳು ಕೊಟ್ಟಿಲ್ಲಣ್ಣ. ಬೆಳಿಗ್ಗೆ ಚಾ ಸೈತ ಕೊಟ್ಟಿಲ್ಲ. ನನ್ನ ಕಣ್ಣೆದುರಿಗೇ ಇಟ್ಕೊಂಡಿದ್ದೆ, ಎಲ್ಲಿ ಹೋಗಿ ಏನು ತಿಂತಾನೋ ಅಂತ. ನೀನು ಹೆದರಬ್ಯಾಡ.’

ಅವಳು ಹಾಗೆ ಯಾಕೆ ಹೇಳಿದಳೆಂದು ನನಗೆ ಗೊತ್ತಿತ್ತು. ಚಾಪೆ ಹಾಸಿದೆ. ತೀರ್ಥೇಶ್ ಅಂಗಿ ಬಿಚ್ಚಿ ಅಂಗಾತ ಮಲಗಿದ. ಮೊದಲು ದಾರ ಹಿಡಿದು ಹೊಕ್ಕುಳಿನಿಂದ ಎದೆಯ ಎರಡೂ ಕಡೆಗೆ ಅಳೆದೆ. ಸಮ ಇತ್ತು. ಬೆರಳಿಗೆ ಎಣ್ಣೆ ಅದ್ದಿಕೊಂಡು ಹೊಕ್ಕುಳ ಮೇಲೆ ಮೆಲ್ಲಗೆ ಇಟ್ಟೆ.

ಬಟ್ಟಿಯ ಮಿಡಿತ ಕೋಳಿಮರಿ ಕೊಕ್ಕಿನಿಂದ ಕುಟುಕಿದ ಹಾಗೆ ಒಂದೇ ಕಡೆ, ಕೆಳಗಿನಿಂದ ಮೇಲಕ್ಕೆ ತಟ್ಟುತ್ತದೆ. ಇದು ಹಾಗಿರಲಿಲ್ಲ. ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ, ಸ್ವಲ್ಪ ಎಡಕ್ಕೆ, ನಿಂಬೆಹಣ್ಣಿಗಿಂತ ದೊಡ್ಡದೊಂದು ಗಂಟು ಒಳಗೆ ಉಸಿರಾಡುವ ಹಾಗಿತ್ತು. ಆಚೆಗೊಂದು ಕೈ, ಈಚೆಗೊಂದು ಕೈ ಇಟ್ಟೆ. ಅದು ಎರಡೂ ಕೈಯನ್ನು ಒಂದರಿಂದ ಒಂದು ದೂರ ತಳ್ಳಿತು. ಮತ್ತೆ ತಳ್ಳಿತು.

ನಾನು ಕೈ ತೆಗೆದೆ.

ಸಾವಿರಾರು ಹೊಟ್ಟೆ ಮುಟ್ಟಿದ ಕೈ ಇದು. ಹಾಗೆ ಎರಡು ಕಡೆಗೂ ತಳ್ಳಿದ ಹೊಟ್ಟೆಯನ್ನು ಅದಕ್ಕೆ ಮೊದಲು ಒಂದೇ ಸಲ ಮುಟ್ಟಿದ್ದೆ. ಕಲ್ಲಪ್ಪನದು.

ಆವತ್ತು ಪಂಚಾಕ್ಷರಪ್ಪನವರು ಊರಲ್ಲಿರಲಿಲ್ಲ. ಕಲ್ಲಪ್ಪ ಬೆನ್ನು ನೋವೆಂದು ಗೋದಾಮಿನ ನೆರಳಲ್ಲಿ ಬಂದು ಮಲಗಿದ. ಒಂದು ವರ್ಷದಿಂದ ಅವನಿಗೆ ಕೆಮ್ಮು ಇತ್ತು; ಜೋಳದ ಧೂಳು ಎನ್ನುತ್ತಿದ್ದ. ನಾನೊಬ್ಬನೇ ಬಟ್ಟಿ ಕೂರಿಸುತ್ತೇನೆ ಎಂಬ ಜಂಬ ನನಗೆ. ಮಿಡಿತ ಜೋರಾಗಿದೆ, ಬಟ್ಟಿ ದೊಡ್ಡದಾಗಿ ಸರಿದಿದೆ, ಅದಕ್ಕೇ ಜೋರಾಗಿ ತಿಕ್ಕಬೇಕು ಎಂದುಕೊಂಡೆ. ಹೆಬ್ಬೆರಳು ಊರಿ ಒತ್ತಿದೆ. ಅವನು ‘ಸಾಕೋ ನಾಗ’ ಎಂದ. ‘ತಡಕೋ’ ಎಂದೆ. ಇನ್ನೊಮ್ಮೆ ‘ಸಾಕೋ’ ಎಂದ. ಆಮೇಲೆ ಅವನ ಮೈಯೆಲ್ಲ ಬೆವರಿತು, ಮುಖ ಸುಣ್ಣದ ಹಾಗಾಯಿತು. ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತು. ಗಾಡಿ ತರುವಷ್ಟರಲ್ಲಿ ಮುಗಿದುಹೋಯಿತು.

ಮಾರನೆಯ ದಿನ ಪಂಚಾಕ್ಷರಪ್ಪನವರು ಬಂದು ಮೊದಲು ಕೇಳಿದ್ದು, ‘ಉಂಡಿದ್ನಾ?’ ಎಂದು. ಬಸುರಿ ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಟ್ಟಿದ್ದೆ ಎಂದಳು. ‘ಅದಕ್ಕೇ ಹಿಂಗಾತು’ ಎಂದರು ಅವರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ನಾನೂ ಅಲ್ಲೇ ನಿಂತಿದ್ದೆ. ಅವನು ಸಾಕು ಅಂದಿದ್ದ, ಎರಡು ಸಲ ಅಂದಿದ್ದ, ಆ ಗಂಟು ನನ್ನ ಕೈಯನ್ನು ತಳ್ಳಿತ್ತು ಎಂದು ಯಾರಿಗೂ ಹೇಳಲಿಲ್ಲ. ರೊಟ್ಟಿ ಹಾಕಿಕೊಟ್ಟು ಗಂಡನನ್ನು ಕೊಂದೆ ಎಂದು ಹುಲಿಗೆಮ್ಮ ಅತ್ತದ್ದನ್ನು ಕೇಳಿಯೂ ಹೇಳಲಿಲ್ಲ.

‘ಯಾಕಣ್ಣ, ಕೈ ತೆಗ್ದಿ?’ ಎಂದಳು ಹುಲಿಗೆಮ್ಮ ಈಗ.

‘ಇದು ಬಟ್ಟಿ ಅಲ್ಲ. ಆಸ್ಪತ್ರಿಗೆ ಹೋಗ್ರಿ. ಸ್ಕ್ಯಾನಿಂಗ್ ಮಾಡ್ಸಿರಿ, ಇವತ್ತೇ.’

‘ಆಸ್ಪತ್ರೆಯಿಂದ್ಲೇ ಬಂದಿದ್ದು ದೊಡ್ಡಪ್ಪ’ ಎಂದ ತೀರ್ಥೇಶ್, ಮಲಗಿದಲ್ಲಿಂದಲೇ. ‘ಬೆನ್ನಿನ ಎಕ್ಸ್‌ರೇ ಆಯ್ತು, ಎಂತದೂ ಇಲ್ಲ ಅಂದ್ರು. ಎರಡು ದಿನ ರಜೆ ಕೊಟ್ಟಿದಾರೆ ಸಾವ್ಕಾರ್ರು. ನೀವು ತಿಕ್ಕಿಬಿಟ್ರೆ ನಾಡಿದ್ದು ಟ್ರಿಪ್ಪಿಗೆ ಹೋಗ್ತೀನಿ.’

‘ಸಂಜಿ ಜ್ವರ ಬರ್ತೈತಾ ನಿನಗ? ಕೆಮ್ಮು?’

‘ಇಲ್ಲ ಇಲ್ಲ’ ಎಂದ. ಬಹಳ ಬೇಗ ಹೇಳಿದ.

‘ನನ್ನ ಕೈಯಾಗ ಆಗಂಗಿಲ್ಲವ್ವ’ ಎಂದೆ ಹುಲಿಗೆಮ್ಮನಿಗೆ. ‘ವಯಸ್ಸಾತು, ಬೆರಳಿನಾಗ ಶಕ್ತಿ ಇಲ್ಲ.’

ಅದು ನಾನು ಮಾಡಿದ ಇನ್ನೊಂದು ತಪ್ಪು. ಅವಳು ಮುಖ ಬಿಗಿದುಕೊಂಡಳು. ‘ಮೊನ್ನೆ ಮೊನ್ನೆ ಆ ಗೋದಾಮಿನ ರಾಜೇಶ್ವರಮ್ಮನ ಮಗನಿಗೆ ತಿಕ್ಕಿದ್ಯಲ್ಲ, ಅವತ್ತೆಲ್ಲಿತ್ತಪ ಈ ವಯಸ್ಸು? ನನ್ನ ಅಳಿಯ ಬಂದ್ರ ಶಕ್ತಿ ಹೋತಾ? ಇರ್ಲಿ ಬಿಡು. ಸೊರಬದ ಹತ್ರ ಉಳವಿಯಾಗ ಒಬ್ರು ಇದಾರಂತ, ಹೊಟ್ಟಿ ಮ್ಯಾಲೆ ಚೆಂಬು ಕೂರಿಸಿ ಎಳೀತಾರಂತ. ಹಸಿದ ಹೊಟ್ಟಿ ಹಂಗೇ ಐತಿ, ಅಲ್ಲಿಗೇ ಹೋಗ್ತೀವಿ. ಧನು, ಏಳು. ಸೊರಬದ ಬಸ್ಸು ಎಷ್ಟೊತ್ತಿಗೈತಿ?’

‘ಹತ್ತೂ ಕಾಲಿಗೆ ಐತವ್ವ.’

ತೀರ್ಥೇಶ್ ಒಂದು ಕಡೆಗೆ ಹೊರಳಿ, ಕೈಯೂರಿ ಎದ್ದು ಕೂತ. ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಅವನ ಬೆರಳು ಮೇಲಿನಿಂದ ಒಂದೊಂದೇ ಗುಂಡಿ ದಾಟಿ ಹೊಟ್ಟೆಯ ಹತ್ತಿರ ಬರುವುದನ್ನು ನೋಡುತ್ತಾ ಕೂತಿದ್ದೆ. ಹತ್ತೂ ಕಾಲಿನ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಯಾರೋ ಇವನ ಹೊಟ್ಟೆ ಒತ್ತುತ್ತಾರೆ. ಇವನು ಸಾಕು ಎನ್ನುತ್ತಾನೆ, ಅವರು ತಡಕೋ ಎನ್ನುತ್ತಾರೆ.

‘ಹುಲಿಗೆಮ್ಮ, ಕೂತ್ಕೋ’ ಎಂದೆ. ‘ಕಲ್ಲಪ್ಪ ಸತ್ತಿದ್ದು ಉಂಡಿದ್ದಕ್ಕಲ್ಲ.’

ಅವಳು ನಿಂತೇ ಇದ್ದಳು.

‘ಅವನ ಹೊಟ್ಟ್ಯಾಗೂ ಇಂಥದೇ ಗಂಟಿತ್ತು. ಇಂಥದೇ. ನನ್ನ ಕೈಯನ್ನ ಹಿಂಗ ಆಚೀಚೆ ತಳ್ಳಿತ್ತು. ನನಗ ತಿಳೀಲಿಲ್ಲ, ಬಟ್ಟಿ ಅಂತ ತಿಕ್ಕಿದೆ. ಸಾಕು ಅಂದ. ಎರಡು ಸಲ ಅಂದ. ನಾನು ಬಿಡ್ಲಿಲ್ಲ. ನನ್ನ ಕೈಯಾಗೇ ಅದು ಒಡೀತು ಅಂತ ಕಾಣ್ತೈತಿ. ನೀ ಹಾಕಿದ ರೊಟ್ಟಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಇವನ ಹೊಟ್ಟಿ ಯಾರೂ ಮುಟ್ಟಬಾರ್ದು. ಹಸಿದಿರ್ಲಿ, ಉಂಡಿರ್ಲಿ, ಮುಟ್ಟಬಾರ್ದು.’

ಹೊರಗೆ ಯಾರದೋ ಮೋಟಾರ್ ಪಂಪು ಓಡುತ್ತಿತ್ತು. ಧನಲಕ್ಷ್ಮಿ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ತನ್ನ ಅಪ್ಪನನ್ನು ಫೋಟೋದಲ್ಲಿ ಕೂಡ ಕಾಣದವಳು ಅವಳು.

‘ಪಂಚಾಕ್ಷರಪ್ಪ ನನ್ನ ಕೇಳ್ದಾಗ ನೀ ಅಲ್ಲೇ ಇದ್ದಿ’ ಎಂದಳು ಹುಲಿಗೆಮ್ಮ.

‘ಇದ್ದೆ.’

‘ನಮ್ಮತ್ತಿ ನನ್ನ ಬೈದಾಗ ಇದ್ದಿ. ಸಾಯೋತನ ಅದನ್ನೇ ಅಂದ್ಲು ಆಕಿ. ಅನ್ನ ಇಕ್ಕಿ ಕೊಂದೋಳು ಅಂತ. ನೀ ಕೇಳಿದ್ದಿ.’

‘ಕೇಳಿದ್ದೆ.’

‘ದಿನಾ ನನ್ನ ಕೈಯಾಗಿಂದು ಚಾ ಕುಡಿದಿ.’

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಅಳಿಯನ ಹೊಟ್ಟೆಯ ಮೇಲೆ ನಾನು ಹಚ್ಚಿದ್ದ ಎಣ್ಣೆಯನ್ನು ಒರೆಸಲು ಹೋದಳು. ಮುಟ್ಟಬಾರದೆಂದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡಳು.

‘ನಿನ್ನ ಮಗನಿಗೆ ಗಾಡಿ ತರಾಕ ಹೇಳು’ ಎಂದಳು. ‘ಅಳೋದು ಆಮ್ಯಾಲೆ ನೋಡ್ಕೊಂಡ್ರಾತು.’

ನನ್ನ ಮಗ ಪರಶುರಾಮನದು ಲಗೇಜ್ ಆಟೋ. ಹಿಂದೆ ಗೋಣಿಚೀಲ ಹಾಸಿ, ಅದರ ಮೇಲೆ ಹಾಸಿಗೆ ಹಾಕಿ ತೀರ್ಥೇಶನನ್ನು ಮಲಗಿಸಿದೆವು. ಹುಲಿಗೆಮ್ಮ, ಧನಲಕ್ಷ್ಮಿ ಮುಂದೆ ಕೂತರು. ನಾನು ಹಿಂದೆ, ಅವನ ತಲೆಯ ಹತ್ತಿರ. ‘ಗುಂಡಿ ನೋಡಿ ಹೊಡಿ’ ಎಂದೆ ಮಗನಿಗೆ.

‘ದೊಡ್ಡಪ್ಪ, ನಾನೇ ರೈಟ್ ಹೇಳ್ಲಾ?’ ಎಂದ ತೀರ್ಥೇಶ್. ಯಾರೂ ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನನ್ನ ಕೈ ಹಿಡಿದ.

‘ನಿಜಕ್ಕೂ ಅಷ್ಟು ದೊಡ್ಡದಾ ಇದು?’

‘ನನಗ ಗೊತ್ತಿಲ್ಲಪ. ಡಾಕ್ಟ್ರು ಹೇಳ್ತಾರ. ಅವರಿಗೆ ಮಾತ್ರ ಏನೂ ಮುಚ್ಚಿಡಬ್ಯಾಡ. ಮುಚ್ಚಿಟ್ರ ಏನಾಕ್ಕೈತಿ ಅಂತ ಈಗ ನೋಡಿದ್ಯಲ್ಲ.’

ಅವನು ಆಕಾಶ ನೋಡುತ್ತಾ ಮಲಗಿದ್ದ. ‘ಹೋದ ಮಳೆಗಾಲದಲ್ಲಿ ಟಿಬಿ ಅಂತ ಹೇಳಿದ್ರು’ ಎಂದ. ‘ಕಫ ಪರೀಕ್ಷೆ ಮಾಡಿ, ಆರು ತಿಂಗಳು ಗುಳಿಗೆ ಅಂದ್ರು. ಎರಡು ತಿಂಗಳು ತಿಂದೆ. ಕೆಮ್ಮು ಹೋಯ್ತು. ಗುಳಿಗೆ ತರಾಕೆ ಹೋದಾಗೆಲ್ಲ ಯಾರಾದ್ರೂ ನಮ್ಮ ಬಸ್ಸಿನೋರು ಸಿಗೋರು. ಕಂಡಕ್ಟರ್‌ಗೆ ಟಿಬಿ ಅಂತ ಗೊತ್ತಾದ್ರೆ ಯಾರು ಟಿಕೆಟ್ ತಗೋತಾರೆ? ಸಾವ್ಕಾರ್ರು ಅವತ್ತೇ ಇಳಿಸ್ತಾರೆ. ಹುಷಾರಾಗಿದೀನಲ್ಲ ಅಂತ ಬಿಟ್ಟೆ. ಗುಳಿಗೆ ವಿಚಾರಿಸೋಕೆ ಆಶಾ ಕಾರ್ಯಕರ್ತೆ ಫೋನ್ ಮಾಡಿದ್ರೆ ಊರಲ್ಲಿಲ್ಲ ಅಂತಿದ್ದೆ.’

‘ಧನೂಗೆ?’

‘ಅವ್ಳಿಗೂ ಗೊತ್ತಿಲ್ಲ. ವಿಟಮಿನ್ ಗುಳಿಗೆ ಅಂದಿದ್ದೆ.’

ನಾನು ಅವನನ್ನು ಬೈಯಲಿಲ್ಲ. ಬೈಯುವ ಯೋಗ್ಯತೆ ಯಾರಿಗಿತ್ತು ಅಲ್ಲಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದವರು ಶಾಲಿನಿ ಎಂಬ ಡಾಕ್ಟರು, ನನ್ನ ಮೊಮ್ಮಗಳ ವಯಸ್ಸು. ಹೊಟ್ಟೆಯ ಮೇಲೆ ಯಂತ್ರದ ತುದಿಯನ್ನು ಹೂವಿನ ಹಾಗೆ ಇಟ್ಟರು. ಪರದೆಯ ಮೇಲೆ ಕಪ್ಪಗಿನ ಒಂದು ಚೀಲ ಹಿಗ್ಗಿ ಕುಗ್ಗುತ್ತಿತ್ತು. ನನ್ನ ಕೈಗೆ ಗೊತ್ತಿದ್ದದ್ದು ಕಣ್ಣಿಗೆ ಕಂಡಿತು. ಡಾಕ್ಟರು ಯಂತ್ರ ತೆಗೆದು, ‘ಇವರ ಹೊಟ್ಟೇನ ಯಾರಾದ್ರೂ ಒತ್ತಿದ್ರಾ?’ ಎಂದು ಕೇಳಿದರು.

‘ನಾನು ಮುಟ್ಟಿದ್ದು ತಾಯಿ. ಒತ್ತಿಲ್ಲ’ ಎಂದೆ.

‘ಒತ್ತಬೇಡಿ. ಇನ್ನು ಯಾರೂ ಮುಟ್ಟಬಾರದು. ಇವರು ನಡೀಲೂಬಾರದು.’

ತೀರ್ಥೇಶ್ ತಾನೇ ಹೇಳಿದ, ಟಿಬಿಯ ವಿಷಯ, ಗುಳಿಗೆ ಬಿಟ್ಟ ವಿಷಯ. ಧನಲಕ್ಷ್ಮಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ‘ವಿಟಮಿನ್ನು’ ಎಂದಳು, ಅಷ್ಟೇ. ಆಮೇಲೆ ಹೋಗಿ ಅವನ ಚಪ್ಪಲಿ ಎತ್ತಿ ಕೈಯಲ್ಲಿ ಹಿಡಿದುಕೊಂಡು ನಿಂತಳು.

ಡಾಕ್ಟರು ನಮ್ಮನ್ನು ಕೂರಿಸಿ ಬಿಡಿಸಿ ಹೇಳಿದರು. ಹೃದಯದಿಂದ ಕೆಳಗೆ ಇಳಿದು ಬರುವ ದೊಡ್ಡ ರಕ್ತನಾಳ ಬೆನ್ನುಮೂಳೆಗೆ ಒತ್ತಿಕೊಂಡು ಹೊಟ್ಟೆಯೊಳಗೆ ಹೋಗುತ್ತದೆ. ಹೊಕ್ಕುಳ ಹತ್ತಿರ ಕೈಗೆ ಸಿಗುವ ಮಿಡಿತ ಅದರದೇ. ಅದು ಜಾರುವುದೂ ಇಲ್ಲ, ಸರಿಯುವುದೂ ಇಲ್ಲ. ಪೂರಾ ಗುಣವಾಗದ ಟಿಬಿ ಅದರ ಪಕ್ಕದ ಗ್ರಂಥಿಗಳಲ್ಲಿ ಕೂತು, ನಾಳದ ಗೋಡೆಯನ್ನು ತಿಂದಿರುವಂತೆ ಕಾಣುತ್ತದೆ. ಸವೆದ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುವುದಿಲ್ಲವೇ, ಹಾಗೆ ಉಬ್ಬಿದೆ. ಟಿಬಿಯಿಂದ ಹೀಗಾಗುವುದು ಬಹಳ ಅಪರೂಪ. ದೊಡ್ಡ ಆಸ್ಪತ್ರೆಯಲ್ಲಿ ಹಾಳಾದ ಭಾಗ ತೆಗೆದು ಬೇರೆ ಕೊಳವೆ ಕೂರಿಸಬೇಕು. ಗುಳಿಗೆ ಮತ್ತೆ ಮೊದಲಿನಿಂದ.

‘ಒಡೆದ್ರೆ?’ ಎಂದಳು ಹುಲಿಗೆಮ್ಮ.

‘ಒಡೆದ್ರೆ ನಮಗೆ ಟೈಮ್ ಸಿಗಲ್ಲಮ್ಮ. ಅದಕ್ಕೇ ಈಗಲೇ ಹೊರಡಿ.’

ಅಂಬುಲೆನ್ಸ್ ಬರುವವರೆಗೆ ನಾನು ವರಾಂಡದಲ್ಲಿ ಕಾದು, ಡಾಕ್ಟರು ಹೊರಗೆ ಬಂದಾಗ ಕಲ್ಲಪ್ಪನ ಸಂಗತಿ ಹೇಳಿದೆ. ಸಾಕು ಅಂದದ್ದನ್ನೂ ಬಿಡದೆ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

‘ಸತ್ತವರ ಬಗ್ಗೆ ಈಗ ನಾನು ಖಚಿತವಾಗಿ ಹೇಳೋಕೆ ಆಗಲ್ಲ ಅಜ್ಜ. ನೀವು ಹೇಳಿದ್ದು ಕೇಳಿದ್ರೆ ಇದೇ ಇರಬಹುದು ಅನ್ಸುತ್ತೆ. ಒತ್ತದೇ ಇದ್ದಿದ್ರೂ ಆ ವಾರವೋ ಮುಂದಿನ ವಾರವೋ ಒಡೀತಿತ್ತೇನೋ.’ ಒಳಗೆ ಹೋಗಲು ತಿರುಗಿ, ‘ಆದ್ರೆ ಒತ್ತಬಾರದಿತ್ತು’ ಎಂದರು.

ಅವರು ಸುಳ್ಳು ಸಮಾಧಾನ ಹೇಳದೇ ಇದ್ದದ್ದು ನನಗೆ ಒಳ್ಳೆಯದೇ ಆಯಿತು. ಹುಲಿಗೆಮ್ಮ ಮೂರು ಮಾರು ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಶಿವಮೊಗ್ಗಕ್ಕೆ ಹೋದರು, ಅಲ್ಲಿಂದ ಬೆಂಗಳೂರಿಗೆ. ಧನಲಕ್ಷ್ಮಿ ಜೊತೆಗೆ ಹೋದಳು. ಹುಲಿಗೆಮ್ಮ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಇಲ್ಲೇ ಉಳಿದಳು. ಚಹಾದಂಗಡಿ ಬಾಗಿಲು ಹಾಕಿತ್ತು. ಆ ದಿನಗಳಲ್ಲಿ ಇಬ್ಬರು ಹಮಾಲರು ಬಟ್ಟಿ ತಿಕ್ಕು ಎಂದು ಬಂದರು. ತಿಕ್ಕಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ನನಗೆ ತಿಳಿದಷ್ಟನ್ನು ಹೇಳಿ ಕಳಿಸಿದೆ. ‘ಮುದುಕನಿಗೆ ಸೊಕ್ಕು ಬಂದೈತಿ’ ಎಂದು ಗೊಣಗುತ್ತಾ ಹೋದರು.

ಆರನೆಯ ದಿನ ಹುಲಿಗೆಮ್ಮ ನಮ್ಮ ಮನೆಯ ಮುಂದೆ ಬಂದು ನಿಂತಳು. ಕಟ್ಟೆ ಹತ್ತಲಿಲ್ಲ. ಫೋನನ್ನು ನನ್ನ ಕಡೆಗೆ ಚಾಚಿದಳು. ‘ನಿನ್ನ ಕೂಡ ಮಾತಾಡಬೇಕಂತ.’

ಧನಲಕ್ಷ್ಮಿಯ ದನಿ ಮೊದಲು ಬಂತು. ಆಪರೇಷನ್ ಆಗಿ ಮೂರು ದಿನವಾಯಿತು, ತೆಗೆದ ಭಾಗವನ್ನು ಪರೀಕ್ಷೆ ಮಾಡಿದ್ದಾರೆ, ಟಿಬಿಯೇ ಅಂತೆ ಎಂದಳು. ‘ಡಾಕ್ಟ್ರು ಅಂದ್ರು ದೊಡ್ಡಪ್ಪ, ನರದ ಗೋಡೆ ಕಾಗದದ ಹಾಳಿಯಂಗ ತೆಳ್ಳಗಾಗಿತ್ತಂತ.’ ಆಮೇಲೆ ತೀರ್ಥೇಶನ ದನಿ, ಬಾವಿಯೊಳಗಿಂದ ಬಂದ ಹಾಗೆ.

‘ದೊಡ್ಡಪ್ಪ, ಹಳೇ ಪೈಪ್ ತೆಗ್ದು ಹೊಸಾದು ಹಾಕಿದಾರೆ. ಇನ್ನು ಗುಳಿಗೆ ಒಂದು ವರ್ಷ. ಎಣಿಸಿ ಎಣಿಸಿ ಕೊಡ್ತಾಳೆ ಇವ್ಳು, ನನ್ನ ಬಾಯಿ ತೆಗೆಸಿ ನೋಡ್ತಾಳೆ. ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದಾಳೆ.’

‘ತೆಗೆಸ್ಲಿ ಬಿಡು’ ಎಂದೆ. ಫೋನು ವಾಪಸು ಕೊಟ್ಟೆ.

ಹುಲಿಗೆಮ್ಮ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಅಲ್ಲೇ ನಿಂತಳು. ಆಮೇಲೆ ಕೇಳಿದಳು. ‘ಅವತ್ತು ಧನೂನ ಅಪ್ಪ ಸಾಕು ಅಂದಾಗ, ಮತ್ತೇನಾರ ಅಂದ್ರಾ? ನನ್ನ ಹೆಸ್ರು ಏನಾರ?’

‘ಇಲ್ಲವ್ವ. ಸಾಕು ಅಂತ ಅಷ್ಟೇ.’

ಇದ್ದರೆ ಚೆನ್ನಾಗಿತ್ತು ಎಂದು ನನಗೂ ಅನಿಸಿತು. ಒಂದು ಮಾತು ಕಟ್ಟಿ ಹೇಳಬಹುದಿತ್ತು. ಹೇಳಲಿಲ್ಲ.

‘ಹೂಂ’ ಎಂದಳು. ‘ಬಸ್ಸಿನ ಸಾವ್ಕಾರ ಮಂಜಪ್ಪ ಇವತ್ತು ಸ್ಟ್ಯಾಂಡಿಗೆ ಬರ್ತಾನಂತ. ಇವನಿಗೇನಾಗೈತಿ ಅಂತ ದಿನಾ ಫೋನ್ ಮಾಡ್ತಾನ. ಧನು ಗ್ಯಾಸು, ಅಲ್ಸರ್ರು ಅಂತ ಹೇಳಿ ಸಾಕಾಗ್ಯಾಳ. ನಾನೇ ಹೋಗಿ ಹೇಳ್ತೀನಿ. ನೀನೂ ಬಾ.’

‘ನಾನ್ಯಾಕವ್ವ?’

‘ಬಾ ಅಂದೆ.’

ಅವಳು ಮುಂದೆ, ನಾನು ಹಿಂದೆ. ಬಸ್ ಸ್ಟ್ಯಾಂಡಿನಲ್ಲಿ ಮಂಜಪ್ಪನವರು ಡ್ರೈವರನ ಜೊತೆ ಟೈರು ನೋಡುತ್ತಾ ನಿಂತಿದ್ದರು. ಸುತ್ತ ಜನ ಇದ್ದರು. ಅವರನ್ನು ಪಕ್ಕಕ್ಕೆ ಕರೆಯುತ್ತಾಳೆ ಎಂದುಕೊಂಡೆ. ಕರೆಯಲಿಲ್ಲ.

‘ಸಾವ್ಕಾರ್ರೆ, ನಮ್ಮ ಅಳಿಯನಿಗೆ ಟಿಬಿ ಇತ್ತು. ನಿಮಗೆ ಹೆದರಿ ಗುಳಿಗಿ ಬಿಟ್ಟಿದ್ದ. ಅದು ಹೊಟ್ಟ್ಯಾಗಿನ ನರ ತಿಂದು ಸಾಯಾಕ ಬಿದ್ದಿದ್ದ. ಈಗ ಆಪರೇಷನ್ ಆಗೈತಿ, ಗುಳಿಗಿ ನುಂಗಾಕತ್ತಾನ. ಕಫದಾಗ ಏನೂ ಇಲ್ಲ, ಇನ್ನೊಬ್ಬರಿಗೆ ಹತ್ತಂಗಿಲ್ಲ ಅಂತ ಡಾಕ್ಟ್ರು ಬರಕೊಟ್ಟ ಮ್ಯಾಲೆ ಕೆಲಸಕ್ಕ ಬರ್ತಾನ. ಭಾರ ಎತ್ತಂಗಿಲ್ಲ. ತಗೋತೀರೋ ಇಲ್ಲೋ ಈಗ ಹೇಳಿಬಿಡ್ರಿ.’

ಡ್ರೈವರ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮಂಜಪ್ಪನವರು ಕೈಯಲ್ಲಿದ್ದ ಬೀಗದ ಕೈಗೊಂಚಲನ್ನು ಒಂದೆರಡು ಸಲ ತಿರುಗಿಸಿದರು. ‘ಹತ್ತಲ್ಲ ಅಂತ ಹೆಂಗ್ ನಂಬೋದಮ್ಮ? ಜನ ಕೇಳ್ತಾರೆ’ ಎಂದು, ಗಂಡಸು ಏನಾದರೂ ಹೇಳಲಿ ಎನ್ನುವ ಹಾಗೆ ನನ್ನ ಕಡೆ ನೋಡಿದರು.

‘ಶಾಲಿನಿ ಡಾಕ್ಟ್ರ ಹತ್ರ ನಾನೇ ಕರಕೊಂಡು ಹೋಗ್ತೀನ್ರಿ’ ಎಂದೆ. ‘ಈಗ್ಲೇ ಬರ್ರಿ. ನೀವೇ ಕೇಳ್ರಿ.’

ಅವರು ಗಡಿಯಾರ ನೋಡಿದರು, ಬಸ್ಸು ನೋಡಿದರು. ‘ಮಧ್ಯಾಹ್ನದ ಟ್ರಿಪ್ ಕಳಿಸಿ ಬರ್ತೀನಿ, ಇಲ್ಲೇ ಇರಿ’ ಎಂದರು.

ಹುಲಿಗೆಮ್ಮ ಹೋಗಿ ಸಿಮೆಂಟ್ ಬೆಂಚಿನ ಮೇಲೆ ಕೂತಳು. ನಾನು ಸ್ವಲ್ಪ ದೂರ ನಿಂತೆ. ಬಿಸಿಲು ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ತನ್ನ ಪಕ್ಕದಲ್ಲಿದ್ದ ಕೈಚೀಲವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನಾನು ಹೋಗಿ ಆ ಜಾಗದಲ್ಲಿ ಕೂತೆ.